572ರ ಕಪಾಟು

ಕಲಬುರಗಿಯ ಐವಾನ್-ಎ-ಶಾಹಿ ನಿಜಾಮರು ಬಂದಾಗ ಇಳಿದುಕೊಳ್ಳಲು ಕಟ್ಟಿದ ಬಂಗಲೆ. ಅದೇ ಸಂಸ್ಥಾನ ಬಿಟ್ಟುಹೋದ ಇನ್ನೊಂದು ಆಸ್ತಿ ಕಾಗದದ್ದು: ಸೈಯದ್ ಸಿರಾಜ್-ಉಲ್-ಹಸನ್ 1920ರಲ್ಲಿ ಇಂಗ್ಲಿಷಿನಲ್ಲಿ ತಂದ, ನಿಜಾಮರ ಸೀಮೆಯ ಜಾತಿ-ಬುಡಕಟ್ಟುಗಳ ಗ್ರಂಥ. ಮಾದಿಗರು, ಮಾಲರು, ಮಹಾರರು ಎಲ್ಲರೂ ಅದರಲ್ಲಿ ದಾಖಲು. ಮದರಾಸಿನಲ್ಲಿ ಥರ್ಸ್ಟನ್ 1909ರಲ್ಲೇ ಏಳು ಸಂಪುಟ ತಂದಿದ್ದ. ತಲೆ, ಮೂಗು ಅಳೆದು ಜಾತಿಯನ್ನು ಲೆಕ್ಕಕ್ಕೆ ಹಾಕಿದ ಮನುಷ್ಯ. (ಅಳತೆಗೆ ಮಾತ್ರ ಮೈಲಿಗೆ ಇರಲಿಲ್ಲ ಅಂತ ಕಾಣುತ್ತೆ.)

ಇಂಥ ಪುಸ್ತಕಗಳನ್ನು ಗ್ರಂಥಾಲಯ ಎಲ್ಲಿಡುತ್ತದೆ ಅನ್ನೋದೇ ನನ್ನ ಪ್ರಶ್ನೆ. ಡ್ಯೂಯಿ ವರ್ಗೀಕರಣದ ಹಳೆಯ ಆವೃತ್ತಿಗಳಲ್ಲಿ 572 ಅಂದರೆ ಮಾನವ ಜನಾಂಗಗಳು. 574 ಜೀವಶಾಸ್ತ್ರ, 590 ಪ್ರಾಣಿಶಾಸ್ತ್ರ. ಮನುಸ್ಮೃತಿಗೆ 294.5, ಧರ್ಮದ ಸಾಲು. ಕಟ್ಟಳೆ ಬರೆದವನಿಗೆ ಧರ್ಮದ ಪೀಠ, ಉಂಡವರಿಗೆ ಪ್ರಾಣಿಗಳ ಪಕ್ಕದ ಓಣಿ! 1996ರ ಆವೃತ್ತಿಯಲ್ಲಿ 572 ಜೀವರಸಾಯನಕ್ಕೆ ಹೋಯಿತು. ಹಳೆಯ ಪುಸ್ತಕದ ಬೆನ್ನಿಗೆ ಅಂಟಿದ ಚೀಟಿ ಅಷ್ಟು ಸುಲಭಕ್ಕೆ ಕಳಚೋದಿಲ್ಲ.

ನಾನು ಓದಿದ ಕಾಲೇಜಿನಲ್ಲಿ ಇವಕ್ಕೆ ಬೀಗ. ಪ್ರೊಫೆಸರಿಗೆ ಸಿಗುತ್ತಿತ್ತು, ಕೇರಿಯ ಹುಡುಗನಿಗಿಲ್ಲ. ತನ್ನ ಜಾತಿಯ ಪುಟದ ಝೆರಾಕ್ಸ್ ಹೇಗೋ ಸಂಪಾದಿಸಿದ ಗೆಳೆಯ, "ಇದನ್ನ ಸುಡಬೇಕಲೇ" ಅಂದ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಮನುಸ್ಮೃತಿ ಸುಟ್ಟರಲ್ಲ? ಆದರೆ 1946ರಲ್ಲಿ ಶೂದ್ರರ ಬಗ್ಗೆ, 1948ರಲ್ಲಿ ಅಸ್ಪೃಶ್ಯರ ಬಗ್ಗೆ ಪುಸ್ತಕ ಬರೆದಾಗ ಅದೇ ಮನುವನ್ನು ಅವರು ಸಾಕ್ಷಿಕಟ್ಟೆಗೆ ಎಳೆದುತಂದರು. ಪುಸ್ತಕದ ಅಧಿಕಾರ ಮಹಾಡದಲ್ಲಿ ಉರಿಯಿತು, ಪುರಾವೆ ಅವರ ಮೇಜಿನ ಮೇಲೇ ಇತ್ತು.

ಹಾಗಾಗಿ ಬೀಗವೂ ಬೇಡ, ರದ್ದಿಯೂ ಬೇಡ. ಹೆಸರು ಬದಲಾಗಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಿಷಯಪಟ್ಟಿಯಲ್ಲಿ 'ಅಸ್ಪೃಶ್ಯರು' ಅಂತ ಇದ್ದದ್ದು ಈಗ 'ದಲಿತರು'. ನಮ್ಮ ಕಡೆಯ ಕಾರ್ಡುಗಳಲ್ಲಿ 'ಹರಿಜನ' ಅಂತ ಟೈಪಾಗಿದ್ದನ್ನು ನಾನೇ ನೋಡಿದ್ದೇನೆ. ಹೊಸ ಹೆಸರಿನ ಕೆಳಗೆ ಹಳೆಯದೂ ಉಳಿಯಲಿ, ಇಲ್ಲದಿದ್ದರೆ ಹಿಂದಿನದನ್ನು ಹುಡುಕುವವರಿಗೆ ದಾರಿ ತಪ್ಪುತ್ತದೆ. ಥರ್ಸ್ಟನ್ನನ ಕಾರ್ಡಿನಲ್ಲಿ, 1901ರಲ್ಲಿ ರಿಸ್ಲಿಯ ಕೈಗೆ ಕೊಟ್ಟ ಸರ್ಕಾರಿ ಸರ್ವೆಯ ಫಲ ಇದು ಅಂತ ಎರಡು ಸಾಲು ಬರೆಯೋಕೆ ಎಷ್ಟು ಶಾಯಿ ಬೇಕು? ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಆತ್ಮಕತೆಗಳ ಸಾಲಿನಲ್ಲಿ, ಹಾಲಿನ ಆ ತುದಿಗೆ ಇರುತ್ತದೆ. ಇದನ್ನು ಓದಿದವರು ಅದನ್ನೂ ಓದಿ ಅಂತ ಆ ಕಾರ್ಡಿನ ಮೇಲೆ ಇನ್ನೊಂದು ಸಾಲು.