ಅವರನ್ನ ಕೇಳಿದೋರು ಯಾರು?

1919ರ ಜನವರಿ 27. ಮತದಾನದ ಹಕ್ಕು ಯಾರಿಗೆ ಕೊಡಬೇಕೆಂದು ವಿಚಾರಿಸಲು ಬಂದ ಸೌತ್‌ಬರೋ ಸಮಿತಿಯ ಮುಂದೆ, ಮುಂಬಯಿಯಲ್ಲಿ, ಇಪ್ಪತ್ತೇಳರ ತರುಣ ಅಂಬೇಡ್ಕರ್ ಸಾಕ್ಷಿ ಹೇಳಿದರು. ಅಸ್ಪೃಶ್ಯರ ಪರವಾಗಿ ಆ ಸಮಿತಿಯ ಮುಂದೆ ಮಾತಾಡಿದ ಇನ್ನೊಬ್ಬರು ವಿಠ್ಠಲ ರಾಮಜಿ ಶಿಂದೆ. ನಮ್ಮ ಅಥಣಿಯ ನೆರೆಯ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದವರು. 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಕೇರಿಯ ಮಕ್ಕಳಿಗಾಗಿ ದುಡಿದವರು. ಆ ದುಡಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರು ಅಸ್ಪೃಶ್ಯರಾಗಿರಲಿಲ್ಲ. ಅಸ್ಪೃಶ್ಯರನ್ನು ಅಸ್ಪೃಶ್ಯರೇ ಪ್ರತಿನಿಧಿಸಬೇಕು ಎಂಬುದು ಅಂಬೇಡ್ಕರರ ವಾದ. ಕನಿಕರ ಬೇರೆ, ಪ್ರಾತಿನಿಧ್ಯ ಬೇರೆ.

1925ರ ಏಪ್ರಿಲ್‌ನಲ್ಲಿ ಇದೇ ಅಂಬೇಡ್ಕರ್ ನಮ್ಮ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ 'ಹರಿಜನ' ಎಂಬ ಹೆಸರನ್ನು ಕಾಯ್ದೆಯೊಳಗೆ ತರಲು ಹೊರಟಾಗ ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದರು. ನಮಗೊಂದು ಹೆಸರಿಡುವ ಮುಂಚೆ ನಮ್ಮನ್ನ ಕೇಳಿದಿರೇನು? ಪ್ರಶ್ನೆ ಇಷ್ಟೆ.

ಗೆಳೆಯರೆ, ಈ ಹಳೆಯ ಸಂಗತಿಗಳನ್ನು ಇವತ್ತು ತೆಗೆಯಲು ಕಾರಣವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ಈ ಐದು ತಾಲೂಕುಗಳಲ್ಲಿ ಇದೇ ಪ್ರಶ್ನೆಯನ್ನು ಕೇಳಬೇಕಾದ ಇನ್ನೊಂದು ಜನ ಇದ್ದಾರೆ. ಜಾತ್ರೆಯ ಡೊಳ್ಳಿಗೆ ಕಿವಿ ಮುಚ್ಚಿಕೊಂಡು ಓಡುವವರು. ಎದುರಿನವರ ಮುಖ ನೋಡಿ ಮಾತಾಡದವರು. ಒಂದೇ ಮಾತನ್ನು ನೂರು ಸಲ ಆಡುವವರು, ಮಾತೇ ಆಡದವರು. ಊರು ಅವರಿಗೆ ಹುಚ್ಚ, ಮಳ್ಳ, ಮೂಕ ಅಂತ ಹೆಸರಿಟ್ಟು ಸುಮ್ಮನಾಗಿದೆ. ಸಿಟ್ಟು ಬಂದ್ರ 'ಧಾರವಾಡಕ್ಕ ಕಳಸ್ರಿ ಇವನ್ನ' ಅಂತಾರ. ಧಾರವಾಡ ಅಂದ್ರ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ.

ಡಾಕ್ಟರರು ಇದನ್ನು ಆಟಿಸಂ ಅನ್ನುತ್ತಾರೆ. ಇದು ಅಂಟುವ ರೋಗವಲ್ಲ, ದೆವ್ವವಲ್ಲ, ತಾಯಿಯ ತಪ್ಪಲ್ಲ. ಹುಟ್ಟಿನಿಂದ ಬಂದು ಕೊನೆತನಕ ಇರುವ, ಮಿದುಳಿನ ಇನ್ನೊಂದು ರೀತಿ. ಸರ್ಕಾರಿ ಕನ್ನಡದಲ್ಲಿ ಸ್ವಲೀನತೆ, ಅಂದರೆ ತನ್ನಲ್ಲೇ ತಾನು ಮುಳುಗಿದ್ದು. ಲೋಕದ ಸದ್ದು ಬೆಳಕು ಹೆಚ್ಚಾಗಿ ತಾಗಿ ನೋಯುವವರನ್ನೂ ಲೋಕದ ಅರಿವಿಲ್ಲದವರೆಂದು ಕರೆದ ಹಾಗಾಯಿತು! ಹರಿಜನ ಎಂಬ ಹೆಸರನ್ನು ಹೊತ್ತು ನಡೆದವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಪ್ರಭುತ್ವ ಇವರನ್ನು ಕಂಡ ಬಗೆಯೂ ಹಾಗೆಯೇ. 1872ರಿಂದ 1931ರವರೆಗಿನ ಜನಗಣತಿಗಳು ಹುಚ್ಚರು, ಕಿವುಡ-ಮೂಕರು, ಕುರುಡರು, ಕುಷ್ಠರೋಗಿಗಳು ಎಂದು ತಲೆ ಎಣಿಸಿದವು. 1912ರ ಲೂನಸಿ ಕಾಯ್ದೆ 'ಈಡಿಯಟ್' ಎಂಬವನನ್ನೂ ಹುಚ್ಚನ ಲೆಕ್ಕಕ್ಕೇ ಸೇರಿಸಿತು. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು, ಆದರೆ ಆಟಿಸಂಗೆ ಅದರಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

1995ರ ಅಂಗವಿಕಲರ ಕಾಯ್ದೆ ಏಳು ಅಂಗವೈಕಲ್ಯಗಳನ್ನು ಹೆಸರಿಸಿತು. ಅದರಲ್ಲೂ ಆಟಿಸಂ ಇಲ್ಲ. ಹೆತ್ತವರು ಬೀದಿ, ಕಚೇರಿ ಅಲೆದರು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಎಂಬ ಪದ ಬಂತು. ಹೆತ್ತವರ ಆ ಹೋರಾಟ ದೊಡ್ಡದು. ಆದರೆ ಆ ಕಾಯ್ದೆಯ 13ನೇ ಕಲಮು ನೋಡಿರಿ. ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸಲು ಒಂದು ಸ್ಥಳೀಯ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ಒಂದು ಸಂಸ್ಥೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ. ಯಾವ ಅಂಗವಿಕಲ? 1995ರ ಕಾಯ್ದೆ ಒಪ್ಪಿದವ! ಅಂದರೆ ಆಟಿಸಂ ಇದ್ದವರ ಬದುಕು ತೀರ್ಮಾನಿಸುವ ಕುರ್ಚಿಯಲ್ಲಿ ಆಟಿಸಂ ಒಂದನ್ನೇ ಆಧಾರ ಮಾಡಿಕೊಂಡು ಯಾರೂ ಕೂಡುವ ಹಾಗಿರಲಿಲ್ಲ. 14ನೇ ಕಲಮಿನ ಪ್ರಕಾರ ಪೋಷಕ ಬೇಕೆಂದು ಅರ್ಜಿ ಹಾಕುವವರು ತಂದೆ-ತಾಯಿ, ಸಂಬಂಧಿಕರು, ಇಲ್ಲವೇ ಸಂಸ್ಥೆ. ಯಾರ ಬದುಕೋ ಅವರ ಹೆಸರು ಅರ್ಜಿದಾರರ ಪಟ್ಟಿಯಲ್ಲಿಲ್ಲ. ಶಿಂದೆಯವರಿದ್ದರು, ಅಂಬೇಡ್ಕರರಿಗೆ ಬಾಗಿಲು ತೆಗೆದಿರಲಿಲ್ಲ.

2007ರ ಅಕ್ಟೋಬರ್ 1ರಂದು ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. ನೀತಿ ಮಾಡುವಾಗ ಅಂಗವಿಕಲರನ್ನೇ ಕೇಳಬೇಕು, ಜೊತೆಗೆ ಕೂಡಿಸಿಕೊಳ್ಳಬೇಕು ಎಂದು ಅದರ ನಾಲ್ಕನೇ ವಿಧಿ ಹೇಳುತ್ತದೆ. 2016ರ ಕಾಯ್ದೆ ಬಂತು, ಏಳು ಇದ್ದದ್ದು ಇಪ್ಪತ್ತೊಂದಾಯಿತು, ಆಟಿಸಂ ಸೇರಿತು. ಸರ್ಕಾರಿ ನೌಕರಿಯ ಶೇಕಡಾ 4ರ ಮೀಸಲಾತಿಯಲ್ಲೂ ಪಾಲು ಬಂತು. ಆದರೆ ಪಾಲು ಬೇಕಾದರೆ ಶೇಕಡಾ 40ರ ಸರ್ಟಿಫಿಕೇಟು ಬೇಕು.

ಸರ್ಟಿಫಿಕೇಟಿನ ಅಳತೆಗೋಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ತಯಾರಿಸಿದ್ದು, ಹೆಸರು ಐಎಸ್‌ಎಎ. ಅದನ್ನು ಸರ್ಕಾರ 2016ರಲ್ಲಿ ಅಧಿಕೃತಗೊಳಿಸಿತು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ. ಪರೀಕ್ಷಿಸುವವರು ನೋಡಿ ಅಳೆಯುತ್ತಾರೆ, ಮನೆಯವರನ್ನು ಕೇಳಿ ಬರೆಯುತ್ತಾರೆ. ಕೂಸಿಗೆ ಇದು ಸರಿ ಇರಬಹುದು. ನಲವತ್ತು ವರ್ಷದವರಿಗೆ? ತಾಯಿ ತೀರಿಕೊಂಡಿದ್ದರೆ ಅವರ ಬಾಲ್ಯಕ್ಕೆ ಸಾಕ್ಷಿ ಯಾರು? ಜನರ ನಡುವೆ ಬದುಕಲು ಎಷ್ಟೋ ವರ್ಷ ತನ್ನ ಒದ್ದಾಟ ಮುಚ್ಚಿಟ್ಟುಕೊಂಡ ಹೆಂಗಸಿನ ಒಳಗಿನ ಸುಸ್ತು ಯಾವ ಅಂಕಕ್ಕೆ ಸಿಗುತ್ತದೆ? ಇದನ್ನು ಹೇಳಬಲ್ಲವರು ಅವರೇ.

ದಾರಿಯ ಮಾತೂ ಇದೆ. ಜಿಲ್ಲಾ ಕೇಂದ್ರ ಬೆಳಗಾವಿ ಅಥಣಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಮಗನನ್ನ ಕರಕೊಂಡು ಬೆಳಗಾವಿಗೆ ಹೋದ ದಿನ ಬೀಡಿ ಇಲ್ಲ, ಕೂಲಿ ಇಲ್ಲ. 'ಮತ್ತ ಬರ್ರಿ' ಅಂದ್ರ ಇನ್ನೊಂದು ದಿನ ಹೋತು. ದುಡ್ಡಿದ್ದವರ ಮಗನಿಗೆ ಆಟಿಸಂ, ಕೇರಿಯವಳ ಮಗನಿಗೆ ಹುಚ್ಚು. ರೋಗನಿರ್ಣಯದಲ್ಲೂ ಜಾತಿ-ವರ್ಗ ಕೂತಿದೆ.

ಅವರು ಮಾತಾಡಬಲ್ಲರೇ ಅಂತ ಕೇಳುವವರಿದ್ದಾರೆ. ನಮ್ಮನ್ನೂ ಹಾಗೇ ಕೇಳಿದ್ದರು. 1993ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವ ವ್ಯಕ್ತಿ ಹೆತ್ತವರ ಎದುರೇ ನಿಂತು, ನಮಗಾಗಿ ಶೋಕಿಸುವುದನ್ನು ಬಿಡಿ ಎಂದು ಹೇಳಿದರು. 2006ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವವರೇ ತಮ್ಮ ಸಂಘಟನೆ ಕಟ್ಟಿದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಆರಿ ನೀಮನ್ 2010ರಲ್ಲಿ ಅಲ್ಲಿನ ರಾಷ್ಟ್ರೀಯ ಅಂಗವಿಕಲರ ಮಂಡಳಿಯ ಸದಸ್ಯರಾದರು. 2013ರಲ್ಲಿ ಮನೋವೈದ್ಯರ ಕೈಪಿಡಿ ಬದಲಾಗುವ ಮುಂಚೆ ಆಟಿಸಂನ ಲಕ್ಷಣ ಹೇಗೆ ಬರೆಯಬೇಕೆಂದು ಆ ಸಂಘಟನೆ ತನ್ನ ಮಾತು ಮುಂದಿಟ್ಟಿತು. ರೋಗಿ ಅನ್ನಿಸಿಕೊಂಡವರು ವೈದ್ಯರ ಪುಸ್ತಕಕ್ಕೆ ಕೈಹಾಕಿದರು.

ನಾವು ಅವರ ಪರವಾಗಿ ಮಾತಾಡಲು ಈ ಲೇಖನ ಬರೆದಿಲ್ಲ. ಹಾಗೆ ಮಾಡಿದರೆ ನಾವೂ ಹೊಸ ಯಜಮಾನರಾಗುತ್ತೇವೆ. ನಾವು ಕೇಳುವುದು ಜಾಗ. ಜಿಲ್ಲೆಯ ಸಮಿತಿಯಲ್ಲಿ ಆಟಿಸಂ ಇರುವ ವಯಸ್ಕರು ಕೂಡಬೇಕು. ಬಾಯಿಮಾತು ಬಾರದವರು ಬರೆದು, ಚಿತ್ರ ತೋರಿಸಿ, ಮೊಬೈಲಿನಲ್ಲಿ ಒತ್ತಿ ಹೇಳಿದ್ದೂ ಸಾಕ್ಷಿಯೇ ಆಗಬೇಕು. ಈ ಗಡಿಯಲ್ಲಿ ಅದು ಕನ್ನಡದಲ್ಲೂ ಮರಾಠಿಯಲ್ಲೂ ನಡೆಯಬೇಕು. ಪರೀಕ್ಷೆ ಮಾಡುವವರು ತಾಲೂಕಿಗೇ ಬರಬೇಕು. ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರಾಗಿ ಅಂಗವಿಕಲರನ್ನೇ ತೆಗೆದುಕೊಳ್ಳುವ ಪದ್ಧತಿ ಕರ್ನಾಟಕದಲ್ಲಿದೆ. ಆ ಕೆಲಸದಲ್ಲಿ ಇವರಿಗೂ ಪಾಲಿರಲಿ.

1919ರಲ್ಲಿ ಒಬ್ಬ ತರುಣನಿಗೆ ಸಾಕ್ಷಿಯ ಕುರ್ಚಿ ಸಿಕ್ಕಿದ್ದರಿಂದ ಏನಾಯಿತೆಂಬುದು ಈ ದೇಶಕ್ಕೆ ಗೊತ್ತು. ಇನ್ನೊಂದು ಕುರ್ಚಿ ಹಾಕ್ರಿ. ಸದ್ದು ಕಡಿಮೆ ಮಾಡ್ರಿ. ಅವರು ಹೇಳೋತನಕ ಕಾಯ್ರಿ.