105ರಿಂದ 35ಕ್ಕೆ: ಕೊರೊನಾ ವರ್ಷದಲ್ಲಿ ಅಂಗಾಂಗ ದಾನಕ್ಕೆ ಏನಾಯಿತು?

2019ರಲ್ಲಿ ಕರ್ನಾಟಕದಲ್ಲಿ ಮೆದುಳು ನಿಷ್ಕ್ರಿಯಗೊಂಡ 105 ಜನರ ಅಂಗಾಂಗಗಳನ್ನು ಅವರ ಮನೆಯವರು ದಾನ ಮಾಡಿದ್ದರು. 2020ರಲ್ಲಿ ಆ ಸಂಖ್ಯೆ 35ಕ್ಕೆ ಇಳಿಯಿತು. ಇಡೀ ದೇಶದಲ್ಲೂ ಹೀಗೇ ಆಯಿತು: 715 ಇದ್ದದ್ದು 351.

ಒಂದೇ ವರ್ಷದಲ್ಲಿ ಜನರ ಮನಸ್ಸು ಕಲ್ಲಾಯಿತೇ? ಹಾಗಲ್ಲ. ಮನಸ್ಸಿದ್ದವರಿಗೂ ಕೊಡುವ ದಾರಿ ಮುಚ್ಚಿಹೋಗಿತ್ತು. ಆ ದಾರಿ ಎಂಥದ್ದು, ಎಲ್ಲಿ ಕಡಿಯಿತು ಎಂಬುದನ್ನು ನಾವು ಮಹಾಲಿಂಗಪುರ, ಮುಧೋಳ, ಜಮಖಂಡಿ ಕಡೆಯವರೂ ತಿಳಿದುಕೊಳ್ಳಬೇಕು.

ಹಿಂದಿನ ಕಥೆ

ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ, ಅವಳಿ ಅಣ್ಣತಮ್ಮಂದಿರ ನಡುವೆ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಇದನ್ನು ಮಾಡಿ ತೋರಿಸಿತು. ಬೇಡಿಕೆ ಬೆಳೆದಂತೆ ಬಡವರ ಕಿಡ್ನಿ ಕೊಂಡು ಮಾರುವ ದಂಧೆಯೂ ಬೆಳೆಯಿತು. ಅದನ್ನು ತಡೆಯಲು 1994ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದಿತು. ಅಂಗಾಂಗ ಮಾರುವುದು, ಕೊಳ್ಳುವುದು ಎರಡೂ ಅಪರಾಧವಾಯಿತು. ಮೆದುಳು ಸತ್ತರೆ ಅದೂ ಸಾವೇ ಎಂದು ಅದೇ ಕಾನೂನು ಒಪ್ಪಿತು.

ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆಗೆಂದೇ 2007ರಲ್ಲಿ ಸಮಿತಿಯೊಂದು ಶುರುವಾಯಿತು. ಅದರ ಈಗಿನ ಹೆಸರು 'ಜೀವಸಾರ್ಥಕತೆ'. ಯಾರಿಗೆ ಮೊದಲು ಕೊಡಬೇಕು ಎಂಬುದನ್ನು ಈ ಸಂಸ್ಥೆ ಸರದಿ ಪಟ್ಟಿ ನೋಡಿ ನಿರ್ಧರಿಸುತ್ತದೆ.

ಕೊಂಡಿ ಕಳಚಿದ್ದು ಎಲ್ಲಿ?

ಮನೆಯಲ್ಲಿ ತೀರಿಕೊಂಡವರ ಕಣ್ಣು ಕೊಡಬಹುದು, ಆರು ತಾಸಿನೊಳಗೆ ತೆಗೆಯಬೇಕು. ಆದರೆ ಕಿಡ್ನಿ, ಲಿವರ್, ಹೃದಯದ ಮಾತು ಬೇರೆ. ತಲೆಗೆ ಬಲವಾದ ಪೆಟ್ಟು ಬಿದ್ದೋ ಮೆದುಳಿನಲ್ಲಿ ರಕ್ತಸ್ರಾವವಾಗಿಯೋ ಮೆದುಳು ಸತ್ತಿರಬೇಕು. ವೆಂಟಿಲೇಟರ್ ಮೇಲೆ ಹೃದಯ ಮಾತ್ರ ಬಡಿಯುತ್ತಿರಬೇಕು. ನಾಲ್ವರು ವೈದ್ಯರ ತಂಡ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸಬೇಕು. ಆಮೇಲೆ ಮನೆಯವರು ಒಪ್ಪಬೇಕು.

ಅಂದರೆ ಐಸಿಯು ಹಾಸಿಗೆ, ವೆಂಟಿಲೇಟರ್, ಪುರುಸೊತ್ತಿರುವ ವೈದ್ಯರು, ಕೂತು ಮಾತಾಡಲು ಮನೆಯವರು, ಓಡಲು ವಾಹನ ಎಲ್ಲವೂ ಬೇಕು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಇವೆಲ್ಲ ಒಟ್ಟಿಗೆ ಕೈತಪ್ಪಿದವು. ಹಾಸಿಗೆಗಳನ್ನು ಕೊರೊನಾ ರೋಗಿಗಳಿಗೆ ಮೀಸಲಿಟ್ಟರು. ಬಂಧುಗಳನ್ನು ಆಸ್ಪತ್ರೆಯೊಳಗೆ ಬಿಡುವುದು ಕಷ್ಟವಾಯಿತು. ವಿಮಾನಗಳು ನಿಂತವು. ರಸ್ತೆಗಳು ಖಾಲಿಯಾಗಿ ಅಪಘಾತಗಳೂ ಕಡಿಮೆಯಾದವು. ಅದು ಒಳ್ಳೆಯದೇ.

ಇನ್ನೊಂದು ಭಯವೂ ಇತ್ತು. ಕಸಿ ಮಾಡಿಸಿಕೊಂಡವರ ದೇಹ ಹೊಸ ಅಂಗವನ್ನು ತಳ್ಳಿಹಾಕದಿರಲೆಂದು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಊರೆಲ್ಲ ವೈರಸ್ ಓಡಾಡುವಾಗ ಆ ಶಕ್ತಿ ತಗ್ಗಿಸುವುದೆಂದರೆ ಬಾಗಿಲು ತೆಗೆದಿಟ್ಟು ಮಲಗಿದಂತೆ. ಹಾಗಾಗಿ ತಡೆದುಕೊಳ್ಳಬಲ್ಲ ರೋಗಿಗಳ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು. ದಾನಿಗೂ ಕೊರೊನಾ ಪರೀಕ್ಷೆ ಕಡ್ಡಾಯವಾಯಿತು.

22 ದೇಶಗಳ ಲೆಕ್ಕ ನೋಡಿದ ಒಂದು ಅಧ್ಯಯನದ ಪ್ರಕಾರ 2020ರಲ್ಲಿ ಅಂಗಾಂಗ ಕಸಿ ಶೇ 16ರಷ್ಟು ಕುಸಿಯಿತು. ಕಿಡ್ನಿ ಕಸಿ ಶೇ 19ರಷ್ಟು ಇಳಿದರೆ ಹೃದಯ ಕಸಿ ಇಳಿದದ್ದು ಶೇ 5ರಷ್ಟು ಮಾತ್ರ. ಹೃದಯ ಕೆಟ್ಟವರು ಕಾಯುವಂತಿಲ್ಲ. ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಇದೆ, ಕಾಯಬಹುದು ಎಂಬುದು ಲೆಕ್ಕಾಚಾರ.

ಆದರೆ ಹಳ್ಳಿಯವರಿಗೆ ಆ ಕಾಯುವಿಕೆ ಸುಲಭವಾಗಿರಲಿಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಬಸ್ಸಿಲ್ಲದ ದಿನಗಳಲ್ಲಿ ಅಲ್ಲಿಗೆ ಮುಟ್ಟುವುದೇ ದೊಡ್ಡ ಕೆಲಸ.

ಮತ್ತೆ ತೆರೆದ ದಾರಿ

2021ರ ಜೂನ್‌ನಲ್ಲಿ, ಎರಡನೇ ಅಲೆ ಇನ್ನೂ ಪೂರ್ತಿ ತಗ್ಗಿರದಾಗ, ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕರು. ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳು ನಿಷ್ಕ್ರಿಯವಾಯಿತು. ಅಂಥ ದುಃಖದಲ್ಲೂ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ತಂದೆ ರಾಜ್‌ಕುಮಾರ್ ಅವರಂತೆ ಪುನೀತ್ ಅವರ ಕಣ್ಣುಗಳೂ ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಕಣ್ಣಿನ ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದಾದ ಮೇಲೆ ಕಣ್ಣು ದಾನಕ್ಕೆ ಹೆಸರು ಬರೆಸಲು ನಾಡಿನ ತುಂಬ ಜನ ಮುಂದೆ ಬಂದರು.

ರಾಜ್ಯದಲ್ಲಿ ಅಂಗಾಂಗ ದಾನಿಗಳ ಸಂಖ್ಯೆ 2021ರಲ್ಲಿ 70, 2022ರಲ್ಲಿ 151, 2023ರಲ್ಲಿ 178 ಆಯಿತು. ದಾರಿ ತೆರೆದ ಕೂಡಲೇ ಜನ ಕೊಟ್ಟರು ಎಂಬುದಕ್ಕೆ ಇದೇ ಸಾಕ್ಷಿ. ಆದರೆ 2020ರಲ್ಲಿ ಸರದಿಯಲ್ಲಿ ಕಾಯುತ್ತಲೇ ಹೋದವರಿಗೆ ಈ ಏರಿಕೆಯಿಂದ ಏನೂ ಸಿಗಲಿಲ್ಲ. ಮುಂದೊಂದು ರೋಗ ಬಂದರೂ ಕಸಿ ಆಸ್ಪತ್ರೆಗಳ ಒಂದಷ್ಟು ಐಸಿಯು ಹಾಸಿಗೆಗಳನ್ನು ಈ ಕೆಲಸಕ್ಕೇ ಉಳಿಸಬೇಕು. ಡಯಾಲಿಸಿಸ್ ರೋಗಿಗಳಿಗೆ ವಾಹನದ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು. ಇದು ಸರ್ಕಾರದ ಪಾಲಿನ ಕೆಲಸ.

ನಮ್ಮ ಪಾಲಿನದೂ ಒಂದಿದೆ. ಈಗ ಆಧಾರ್ ಬಳಸಿ ಮೊಬೈಲಿನಲ್ಲೇ ದಾನಕ್ಕೆ ಹೆಸರು ನೋಂದಾಯಿಸಬಹುದು. ಆದರೆ ಹೆಸರು ಬರೆಸಿದರಷ್ಟೇ ಸಾಲದು, ಕೊನೆಗೆ ಆಸ್ಪತ್ರೆಯವರು ಕೇಳುವುದು ಮನೆಯವರನ್ನು. ಆ ಹೊತ್ತಿನಲ್ಲಿ ಅಳುತ್ತ ನಿಂತ ಅವ್ವನೋ ತಮ್ಮನೋ ನಮ್ಮ ಇಚ್ಛೆ ಏನಿತ್ತೆಂದು ಊಹಿಸುತ್ತ ಕೂರಬಾರದು. ಇವತ್ತೇ ಊಟಕ್ಕೆ ಕೂತಾಗ ಹೇಳಿಬಿಡೋಣ.