ಗರ್ಭಸ್ಥ ಶಿಶುವಿನ ಮಸ್ತಿಷ್ಕಪರೀಕ್ಷೆ: ಪ್ರತಿಧ್ವನಿಯಿಂದ ಕೃತಕ ಬುದ್ಧಿಯವರೆಗೆ

ಮನುಷ್ಯನ ಕಿವಿಗೆ ನಿಲುಕದ ಧ್ವನಿತರಂಗಗಳನ್ನು ಶರೀರದೊಳಕ್ಕೆ ಕಳುಹಿಸಿ, ಅವುಗಳ ಪ್ರತಿಧ್ವನಿಯಿಂದ ಒಳಗಣ ಅಂಗಗಳ ರೂಪವನ್ನರಿಯುವ ವಿದ್ಯೆಯು ಈಗ ವೈದ್ಯಶಾಸ್ತ್ರದಲ್ಲಿ ಸರ್ವತ್ರ ರೂಢಿಯಲ್ಲಿದೆ. ಆ ಚಿತ್ರಗಳನ್ನು ನೋಡಿ ಗರ್ಭಸ್ಥ ಶಿಶುವಿನ ಮೆದುಳಿನ ವಿಕಾರಗಳನ್ನು ಗುರುತಿಸುವ ಕಾರ್ಯವನ್ನು ಇತ್ತೀಚೆಗೆ ಕೃತಕ ಬುದ್ಧಿಗೂ ಒಪ್ಪಿಸುತ್ತಿದ್ದಾರೆ. ಈ ನೂತನ ಸಾಧನದ ಯೋಗ್ಯತೆಯನ್ನು ನಿರ್ಣಯಿಸುವ ಮೊದಲು ಅದರ ಪೂರ್ವಚರಿತ್ರೆಯನ್ನು ಪರಿಶೀಲಿಸುವುದು ಯುಕ್ತ. ಏಕೆಂದರೆ ಆ ಚರಿತ್ರೆಯ ಆದಿಯಲ್ಲಿರುವುದು ಮೆದುಳಿನ ಚಿತ್ರವೊಂದರ ಅಪಪಾಠವೇ ಆಗಿದೆ.

ಆಸ್ಟ್ರಿಯಾ ದೇಶದ ವೈದ್ಯನಾದ ಕಾರ್ಲ್ ಡುಸಿಕ್ ಎಂಬವನು ತಲೆಯ ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ಧ್ವನಿತರಂಗಗಳನ್ನು ಹಾಯಿಸಿ, ದೊರೆತ ನೆರಳುಗಳಲ್ಲಿ ಮೆದುಳಿನ ಕುಹರಗಳು ಕಾಣುತ್ತವೆಂದು 1942ರಲ್ಲಿ ಪ್ರಕಟಿಸಿದನು. ಆದರೆ ಆ ಆಕೃತಿಗಳು ಕುಹರಗಳವಲ್ಲ, ಬುರುಡೆಯ ಎಲುಬಿನ ದಪ್ಪದಲ್ಲಿರುವ ಹೆಚ್ಚುಕಡಮೆಯಿಂದ ಉಂಟಾದವು ಎಂದು ಗುಟ್ನರ್ ಮೊದಲಾದ ಜರ್ಮನ್ ಸಂಶೋಧಕರು 1952ರಲ್ಲಿ ತೋರಿಸಿಕೊಟ್ಟರು. ಚಿತ್ರವೇನೋ ನಿಜವಾಗಿತ್ತು; ಅದಕ್ಕೆ ಹೇಳಿದ ಅರ್ಥ ಮಾತ್ರ ನಿಜವಾಗಿರಲಿಲ್ಲ.

ಅನಂತರದ ಮಾರ್ಗವು ಸ್ಕಾಟ್ಲೆಂಡಿನಲ್ಲಿ ತೆರೆಯಿತು. ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕನಾದ ಇಯಾನ್ ಡೊನಾಲ್ಡನು ಲೋಹದಲ್ಲಿನ ಬಿರುಕನ್ನು ಹುಡುಕುವ ಕಾರ್ಖಾನೆಯ ಯಂತ್ರದಿಂದ 1955ರಲ್ಲಿ ಗೆಡ್ಡೆಗಳನ್ನು ಪರೀಕ್ಷಿಸಿದನು. ಇವನು ಆಶ್ರಯಿಸಿದ್ದು ಹಾಯ್ದುಹೋದ ಧ್ವನಿಯನ್ನಲ್ಲ, ಮರಳಿದ ಪ್ರತಿಧ್ವನಿಯನ್ನು. ಮ್ಯಾಕ್‌ವಿಕಾರ್ ಮತ್ತು ಬ್ರೌನ್ ಎಂಬವರೊಡನೆ ಇವನು ಬರೆದ ಪ್ರಸಿದ್ಧ ಲೇಖನವು 1958ರ ಜೂನ್ ತಿಂಗಳಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಗರ್ಭಸ್ಥ ಶಿಶುವಿನ ಬುರುಡೆಯು ಇನ್ನೂ ತೆಳುವಾಗಿರುವುದರಿಂದ, ವಯಸ್ಕರಲ್ಲಿ ಅಡ್ಡಬಂದ ಎಲುಬು ಇಲ್ಲಿ ಅಷ್ಟಾಗಿ ಅಡ್ಡಬರಲಿಲ್ಲ. 1972ರಲ್ಲಿ ಸ್ಟುವರ್ಟ್ ಕ್ಯಾಂಬೆಲ್ ಮತ್ತು ಸಂಗಡಿಗರು ಮೆದುಳೂ ಬುರುಡೆಯೂ ಬೆಳೆಯದ ಶಿಶುವನ್ನು 17ನೆಯ ವಾರದಲ್ಲಿಯೇ ಗುರುತಿಸಿದರು. 1986ರಲ್ಲಿ ನಿಕೊಲೈಡಿಸ್ ಮೊದಲಾದವರು ಬೆನ್ನುಹುರಿಯ ದೋಷವನ್ನು ತಲೆಯ ಚಿತ್ರದಿಂದಲೇ ಊಹಿಸುವ ಎರಡು ಲಕ್ಷಣಗಳನ್ನು ವಿವರಿಸಿದರು: ನಿಂಬೆಹಣ್ಣಿನಂತಾದ ಬುರುಡೆ, ಬಾಳೆಹಣ್ಣಿನಂತೆ ಬಾಗಿದ ಕಿರುಮೆದುಳು. ಹೀಗೆ ನೋಟವು ಕ್ರಮೇಣ ಲಕ್ಷಣಶಾಸ್ತ್ರವಾಯಿತು.

ಈಗಿನ ಪದ್ಧತಿಯಲ್ಲಿ ಮೆದುಳನ್ನು ಮುಖ್ಯವಾಗಿ ಮೂರು ಅಡ್ಡಕೊಯ್ತಗಳಲ್ಲಿ ನೋಡುತ್ತಾರೆ. ಕುಹರದ ಅಗಲವು 10 ಮಿಲಿಮೀಟರಿಗಿಂತ ಕಡಮೆಯಿರಬೇಕೆಂದು ನಿಯಮವುಂಟು. ಆದರೆ ಯಂತ್ರದ ಸಮೀಪದ ಅರ್ಧಭಾಗವು ಪ್ರತಿಧ್ವನಿಗಳ ಮಬ್ಬಿನಲ್ಲಿ ಮರೆಯಾಗುವುದರಿಂದಲೂ, ಶಿಶುವು ಚಲಿಸುವುದರಿಂದಲೂ ಫಲಿತಾಂಶವು ನೋಡುವವರ ಕೌಶಲವನ್ನು ಬಹಳವಾಗಿ ಅವಲಂಬಿಸಿದೆ. ಕೃತಕ ಬುದ್ಧಿಯ ಪ್ರವೇಶಕ್ಕೆ ಇದೇ ಕಾರಣ. ಚೀನಾದ ಗ್ವಾಂಗ್‌ಝೌ ನಗರದ ಸಂಶೋಧಕರು 10,251 ಸಹಜ ಗರ್ಭಗಳ ಮತ್ತು 2,529 ವಿಕೃತ ಗರ್ಭಗಳ ಚಿತ್ರಗಳನ್ನು ಬಳಸಿ ಗಣಕಕ್ಕೆ ಅಭ್ಯಾಸ ಮಾಡಿಸಿ, 2020ರಲ್ಲಿ ಫಲವನ್ನು ಪ್ರಕಟಿಸಿದರು. ಸಹಜ, ವಿಕೃತ ಎಂಬ ವಿಂಗಡಣೆಯಲ್ಲಿ ಅದು ನೂರಕ್ಕೆ 96.3ರಷ್ಟು ಸರಿಯಾಗಿತ್ತು. ಆದರೆ ಯಂತ್ರವು ಚಿತ್ರದ ಯಾವ ಭಾಗವನ್ನು ಆಧರಿಸಿತೆಂದು ಪರೀಕ್ಷಿಸಿದಾಗ, 869 ವಿಕೃತ ಚಿತ್ರಗಳಲ್ಲಿ 535ರಲ್ಲಿ ದೋಷವಿದ್ದ ಜಾಗವನ್ನೇ, 214ರಲ್ಲಿ ಅದರ ಸಮೀಪವನ್ನು, 120ರಲ್ಲಿ ಸಂಬಂಧವಿಲ್ಲದ ಜಾಗವನ್ನು ಅದು ಸೂಚಿಸಿದ್ದು ಕಂಡುಬಂದಿತು.

ಈ ಕೊನೆಯ ಸಂಖ್ಯೆಯು ವಿಚಾರಾರ್ಹವಾದುದು. ಪ್ರಾಚೀನ ಓಲೆಯ ಪಾಠವನ್ನು ನಿರ್ಣಯಿಸುವವನು ನಿರ್ಣಯದೊಡನೆ ಆಧಾರವನ್ನೂ ಹೇಳಬೇಕಾಗುವಂತೆ, ಇಲ್ಲಿಯೂ ಉತ್ತರವೊಂದೇ ಸಾಲದು. ಕುಹರವು 10ರಿಂದ 12 ಮಿಲಿಮೀಟರಿನಷ್ಟು ಹಿಗ್ಗಿದ್ದು ಬೇರಾವ ದೋಷವೂ ಇಲ್ಲದಿದ್ದರೆ, ಬಹುಪಾಲು ಮಕ್ಕಳು ಸಹಜವಾಗಿಯೇ ಬೆಳೆಯುತ್ತಾರೆ. ಇದಕ್ಕೆ ಪ್ರತಿಯಾಗಿ, ಮೆದುಳಿನ ಮಡಿಕೆಗಳು ತಡವಾಗಿ ರೂಪುಗೊಳ್ಳುವುದರಿಂದ 20ನೆಯ ವಾರದಲ್ಲಿ ಸಹಜವೆನಿಸಿದುದೂ ಮುಂದೆ ವಿಕೃತವಾಗಿ ಕಾಣಬಹುದು. ಭಾರತದಲ್ಲಿ 2021ರ ತಿದ್ದುಪಡಿಯ ಪ್ರಕಾರ, 24 ವಾರಗಳು ಮೀರಿದ ಮೇಲೆ ಶಿಶುವಿನ ತೀವ್ರ ವಿಕಾರದ ಕಾರಣದಿಂದ ಗರ್ಭವನ್ನು ಅಂತ್ಯಗೊಳಿಸಬೇಕಾದರೆ ವೈದ್ಯಮಂಡಲಿಯ ನಿರ್ಣಯವು ಬೇಕು. ಅಂಥ ಮಂಡಲಿಯ ಮುಂದೆ ನಿಲ್ಲುವ ತಾಯಿಗೆ, ಯಂತ್ರವು ಏನು ಹೇಳಿತೆಂಬುದರಷ್ಟೇ ಏನನ್ನು ನೋಡಿ ಹೇಳಿತೆಂಬುದೂ ಮುಖ್ಯ.

ಡುಸಿಕನ ಪ್ರಮಾದವನ್ನು ತಿದ್ದಿದವರು ಮಾಡಿದುದೂ ಇಷ್ಟೇ: ನೆರಳು ಎಲ್ಲಿಂದ ಬಂದಿತೆಂದು ವಿಚಾರಿಸಿದರು. ನುರಿತ ವೈದ್ಯರು ವಿರಳವಾಗಿರುವ ಊರುಗಳಲ್ಲಿ ಎಚ್ಚರಿಕೆ ಕೊಡುವ ಸಹಾಯಕನಾಗಿ ಕೃತಕ ಬುದ್ಧಿಯು ಮಹೋಪಕಾರ ಮಾಡಬಲ್ಲುದು. ಆದರೆ ಆ ವಿಚಾರಣೆಯನ್ನು ನಡೆಸುವ ಹೊಣೆಯು ಮನುಷ್ಯನಲ್ಲಿಯೇ ಉಳಿಯತಕ್ಕುದೆಂಬುದು ಈ ಚರಿತ್ರೆಯಿಂದ ಸಿದ್ಧವಾಗುತ್ತದೆ.